ಗೋದಲಿಯ ಪಕ್ಕದಲ್ಲಿ ಬಂದೂಕು

ಪಕ್ಕದ ಮನೆಯ ಟೀಚರ್ ಪ್ರತಿವರ್ಷ ಡಿಸೆಂಬರ್ 25ರ ಬೆಳಿಗ್ಗೆ ಕುಸ್ವಾರ್ ತಟ್ಟೆ ಕಳಿಸುತ್ತಾರೆ. ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್, ಮೇಲೊಂದು ತುಂಡು ಕೇಕ್. ಆ ತಟ್ಟೆ ಖಾಲಿಯಾಗುವ ಹೊತ್ತಿಗೆ, ಅಂದರೆ ರಾತ್ರಿ ಊಟ ಮುಗಿದ ಮೇಲೆ, ನಮ್ಮ ಹಾಲಿನಲ್ಲಿ ಒಂದು ಸಿನಿಮಾ. ಟೀಚರ್ ಮನೆಯವರೂ ನಮ್ಮವರೂ ಸೇರಿ ಹತ್ತು-ಹನ್ನೆರಡು ಮಂದಿ. ಆಯ್ಕೆ ನನ್ನದು, ಬೈಗುಳವೂ ನನಗೇ. ಕಳೆದ ಮೂರು ವರ್ಷ ಹಾಕಿದ್ದು 'ಡೈ ಹಾರ್ಡ್', 'ದಿ ಅಪಾರ್ಟ್‌ಮೆಂಟ್', 'ಟೋಕಿಯೊ ಗಾಡ್‌ಫಾದರ್ಸ್'. ಮೂರೂ ಸಲ ಜಗಳ. ಎದುರು ಕೂತು ಹೇಳಹೊರಟರೆ ನನ್ನ ಮಾತು ಯಾರೂ ಪೂರ್ತಿ ಕೇಳುವುದಿಲ್ಲ. ಬರೆದರೆ ಮಧ್ಯೆ ಬಾಯಿ ಹಾಕುವವರಿಲ್ಲವಲ್ಲ, ಅದಕ್ಕೇ ಇದು.

ಮೊದಲ ತಕರಾರು ಭಾವನದು. "ಒಂದು ಮರ, ನಾಲ್ಕು ಸೀರಿಯಲ್ ಸೆಟ್ ತೋರಿಸಿದ್ರೆ ಕ್ರಿಸ್ಮಸ್ ಸಿನಿಮಾ ಆಗ್ತದಾ ಮಾರಾಯ? ಗಣಪತಿ ಪೆಂಡಾಲಿನ ಎದುರು ಫೈಟ್ ಇಟ್ರೆ ಅದು ಚೌತಿ ಸಿನಿಮಾವಾ?"

ಆಗುವುದಿಲ್ಲ, ಭಾವ. ನಿಮ್ಮ ಮಾತು ಒಪ್ಪಿದೆ. ಅದಕ್ಕೇ ನನ್ನದೊಂದು ಪರೀಕ್ಷೆಯಿದೆ: ಕಥೆಯಿಂದ ಹಬ್ಬವನ್ನು ಕಿತ್ತು ನೋಡುವುದು. ಕಥೆ ನಿಂತೇ ಇದ್ದರೆ ಹಬ್ಬ ಬರೀ ತೋರಣ. ಕುಸಿದರೆ ಹಬ್ಬವೇ ಕಂಬ. ಈ ಪರೀಕ್ಷೆಯಲ್ಲಿ 'ಐರನ್ ಮ್ಯಾನ್ 3' ಫೇಲು. ಅದನ್ನು ನಾನಾಗಿಯೇ ಕೈಬಿಟ್ಟಿದ್ದೇನೆ. ಆದರೆ 'ಡೈ ಹಾರ್ಡ್' ನೋಡಿ. ಲಾಸ್ ಏಂಜಲೀಸಿನ ಆಫೀಸು ಗೋಪುರವೊಂದರಲ್ಲಿ ಡಿಸೆಂಬರ್ 24ರ ರಾತ್ರಿ ಒಂದೇ ಒಂದು ಮಹಡಿಯಲ್ಲಿ ಜನ ಇದ್ದಾರೆ, ಯಾಕೆಂದರೆ ಅಲ್ಲಿ ಆಫೀಸಿನ ಕ್ರಿಸ್ಮಸ್ ಪಾರ್ಟಿ. ಉಳಿದ ಮಹಡಿಗಳೆಲ್ಲ ಖಾಲಿ. ಕಳ್ಳರು ಲೆಕ್ಕ ಹಾಕಿ ಆರಿಸಿದ್ದು ಅದೇ ರಾತ್ರಿ. ನ್ಯೂಯಾರ್ಕಿನ ಪೊಲೀಸ್ ಮೆಕ್‌ಕ್ಲೇನ್ ಅಷ್ಟು ದೂರ ಹಾರಿ ಬಂದದ್ದೂ ಹಬ್ಬಕ್ಕೆಂದೇ, ಮುನಿಸಿಕೊಂಡು ದೂರವಿರುವ ಹೆಂಡತಿ ಮಕ್ಕಳನ್ನು ನೋಡಲು. ಕೊನೆಯಲ್ಲಿ ಬೆನ್ನಿಗೆ ಪಿಸ್ತೂಲು ಅಂಟಿಸಿಕೊಳ್ಳಲು ಅವನ ಕೈಗೆ ಸಿಗುವುದು ಉಡುಗೊರೆ ಕಟ್ಟುವ, ಹಬ್ಬದ ಶುಭಾಶಯ ಅಚ್ಚಾದ ಟೇಪು. ಮೊದಲು ಸತ್ತ ಕಳ್ಳನ ತಲೆಗೆ ಸಾಂತಾ ಟೋಪಿ ಹಾಕಿ ಲಿಫ್ಟಿನಲ್ಲಿ ಕೆಳಗೆ ಕಳಿಸುತ್ತಾನೆ. ಹಿಮವೇ ಬೀಳದ ಆ ಊರಿನಲ್ಲಿ ಕಡೆಗೆ ಆಕಾಶದಿಂದ ಬೀಳುವುದು ಕೋಟಿಗಟ್ಟಲೆ ಬೆಲೆಯ ಬಾಂಡ್ ಪತ್ರಗಳು, ತುಣುಕು ತುಣುಕಾಗಿ, ಬೆಳ್ಳಗೆ. ಹಬ್ಬ ಕಿತ್ತರೆ ಇಲ್ಲಿ ಕಳ್ಳತನವೂ ಇಲ್ಲ, ಗಂಡನೂ ಇಲ್ಲ, ಹಿಮವೂ ಇಲ್ಲ.

"ಆ ಸಿನಿಮಾ ಬಿಡುಗಡೆಯಾದದ್ದೇ ಜುಲೈ ತಿಂಗಳಲ್ಲಿ" ಎಂದು ಫಿಲ್ಮ್ ಸೊಸೈಟಿಯ ಗೆಳೆಯ ಕಣ್ಣು ಸಣ್ಣದು ಮಾಡಿ ಹೇಳಿದ. ಹೌದು, 1988ರ ಜುಲೈ. ಆದರೆ ನೀನು ಪವಿತ್ರವೆಂದು ಕೈಮುಗಿಯುವ 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಬಿಡುಗಡೆಯಾದದ್ದು 1947ರ ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಜನ ಹೆಚ್ಚು ಥಿಯೇಟರಿಗೆ ಬರುತ್ತಾರೆಂದು ಸ್ಟುಡಿಯೋದ ದೊಡ್ಡ ಧಣಿ ಝಾನಕ್ ಹಟ ಹಿಡಿದ. ಪ್ರಚಾರದಲ್ಲಿ ಅದು ಕ್ರಿಸ್ಮಸ್ ಕಥೆಯೆಂಬ ಸುಳಿವನ್ನೇ ಕೊಡಲಿಲ್ಲ. 'ವೈಟ್ ಕ್ರಿಸ್ಮಸ್' ಹಾಡನ್ನು ತೆರೆಗೆ ತಂದ 'ಹಾಲಿಡೇ ಇನ್' 1942ರ ಆಗಸ್ಟಿನದು. ಇನ್ನು 'ಇಟ್ಸ್ ಎ ವಂಡರ್‌ಫುಲ್ ಲೈಫ್' 1946ರ ಡಿಸೆಂಬರಿನಲ್ಲೇ ಮೊದಲ ಪ್ರದರ್ಶನ ಕಂಡಿತು, ಸರಿ. ಕಂಡು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸಲು ಯಾರೋ ಮರೆತರು. ಕಾಸು ಕೊಡಬೇಕಿಲ್ಲವೆಂದು ಅಮೆರಿಕದ ಟೀವಿ ಕೇಂದ್ರಗಳು ಪ್ರತಿ ಡಿಸೆಂಬರಿನಲ್ಲೂ ಅದನ್ನೇ ಹಾಕಿದವು, ಜನ ನೋಡಿದರು, ನೋಡಿ ನೋಡಿ ಸಂಪ್ರದಾಯವಾಯಿತು. ಗುಮಾಸ್ತರೊಬ್ಬರ ಮರೆವು ಒಂದು ಸಿನಿಮಾವನ್ನು ಹಬ್ಬದ್ದನ್ನಾಗಿ ಮಾಡಬಹುದಾದರೆ, ನಮ್ಮ ಹಾಲಿನ ಹನ್ನೆರಡು ಮಂದಿಯ ಹಟಕ್ಕೆ ಆ ಅಧಿಕಾರ ಇಲ್ಲವೇ?

ಆ ಗೆಳೆಯನ ಕೈಯಲ್ಲಿ ಇನ್ನೊಂದು ಬಾಣವಿತ್ತು: 'ಡೈ ಹಾರ್ಡ್'ನ ನಾಯಕ ಬ್ರೂಸ್ ವಿಲ್ಲಿಸ್ ಸ್ವತಃ 2018ರಲ್ಲಿ ಇದು ಕ್ರಿಸ್ಮಸ್ ಸಿನಿಮಾ ಅಲ್ಲ, ಬ್ರೂಸ್ ವಿಲ್ಲಿಸ್ ಸಿನಿಮಾ ಎಂದನಂತೆ. ಅಂದದ್ದು ನಿಜ. ಅಂದದ್ದು ಒಬ್ಬರನ್ನೊಬ್ಬರು ಕಿಚಾಯಿಸಿ ನಗಿಸುವ ವೇದಿಕೆಯಲ್ಲಿ. ಚಿತ್ರಕಥೆ ಬರೆದವರಲ್ಲೊಬ್ಬರಾದ ಸ್ಟೀವನ್ ಡಿ ಸೋಜಾ ಇದು ಕ್ರಿಸ್ಮಸ್ ಸಿನಿಮಾವೇ ಎನ್ನುತ್ತಾರೆ. ಸಾಕ್ಷಿಗಳು ಸಮಸಮ, ಮುಂದಕ್ಕೆ ಹೋಗೋಣ.

ಟೀಚರ್ ಹೇಳಿದ್ದು ಬೇರೆ ತೂಕದ್ದು. ಅವರು ಜಗಳವಾಡಲಿಲ್ಲ. "ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸಿ ಬಂದಿದ್ದೇನೆ. ಅದೇ ಕಣ್ಣಲ್ಲಿ ರಕ್ತ ನೋಡಬೇಕಾ?" ಎಂದರು ಅಷ್ಟೇ. ನಾನು ಆವತ್ತು ಸುಮ್ಮನಿದ್ದೆ.

ಟೀಚರ್, ಗೋದಲಿಯಲ್ಲಿ ನಾವು ಕುರಿಗಳನ್ನಿಡುತ್ತೇವೆ, ಮೂವರು ಜ್ಞಾನಿಗಳನ್ನಿಡುತ್ತೇವೆ, ಹೆರೋದನನ್ನು ಇಡುವುದಿಲ್ಲ. ಆದರೆ ಮತ್ತಾಯನ ಸುವಾರ್ತೆಯಲ್ಲಿ ಅವನು ಆ ಜ್ಞಾನಿಗಳ ಬೆನ್ನಿಗೇ ಇದ್ದಾನೆ. ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ. ತಾಯಿ ತಂದೆ ಮಗುವನ್ನೆತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡಿದರು. ಆ ಕೂಸುಗಳ ನೆನಪಿಗೆ ನಿಮ್ಮ ಚರ್ಚೇ ಡಿಸೆಂಬರ್ 28ನ್ನು ಇಟ್ಟುಕೊಂಡಿದೆ, ಹಬ್ಬವಾಗಿ ಮೂರೇ ದಿನಕ್ಕೆ. ಛತ್ರದಲ್ಲಿ ಜಾಗ ಸಿಗದವರ ಕಥೆ ಇದು, ಬೆನ್ನಿಗೆ ಕತ್ತಿ ಹಿಡಿದವರಿರುವ ಕಥೆ. ನಮ್ಮ ಕಡೆಯೂ ನೋಡಿ, ನರಕಾಸುರ ಸಾಯದೆ ದೀಪಾವಳಿಯ ಎಣ್ಣೆಸ್ನಾನ ಇದೆಯೇ?

ಹೆದರಿಕೆಯೂ ಈ ಹಬ್ಬಕ್ಕೆ ಹೊರಗಿನದಲ್ಲ. 1843ರ ಡಿಸೆಂಬರ್ 19ರಂದು ಪ್ರಕಟವಾದ ಡಿಕನ್ಸನ 'ಎ ಕ್ರಿಸ್ಮಸ್ ಕ್ಯಾರಲ್' ತುಂಬಾ ದೆವ್ವಗಳು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಎಂ. ಆರ್. ಜೇಮ್ಸ್ ಕ್ರಿಸ್ಮಸ್ ರಾತ್ರಿಗಳಲ್ಲಿ ಸ್ನೇಹಿತರಿಗೆ ತಾವೇ ಬರೆದ ದೆವ್ವದ ಕಥೆಗಳನ್ನು ಓದಿ ಹೇಳುತ್ತಿದ್ದರು. ಮತ್ತೆ, ಟೀಚರ್, ನಿಮ್ಮ ಮೊಮ್ಮಕ್ಕಳು ಬಿದ್ದು ಬಿದ್ದು ನಗುವ 'ಹೋಮ್ ಅಲೋನ್'ನಲ್ಲಿ ಒಬ್ಬ ಕಳ್ಳನ ನೆತ್ತಿ ಬೆಂಕಿಗೆ ಸುಡುತ್ತದೆ, ಇನ್ನೊಬ್ಬನ ಬರಿಗಾಲಿಗೆ ಮೊಳೆ ನೆಡುತ್ತದೆ, ಮುಖಕ್ಕೆ ಇಸ್ತ್ರಿಪೆಟ್ಟಿಗೆ ಬೀಳುತ್ತದೆ. ಅಲ್ಲಿ ಏಟು ತಿಂದವರಿಗೆ ನೋವೇ ಇಲ್ಲ. ಮೆಕ್‌ಕ್ಲೇನ್ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆದು, ಬಾತ್‌ರೂಮಿನಲ್ಲಿ ಕೂತು ಒಂದೊಂದೇ ಚೂರು ಕೀಳುತ್ತಾ ಹೆಂಡತಿಗೆ ಹೇಳಬೇಕಾದ ಕ್ಷಮೆಯನ್ನು ವೈರ್‌ಲೆಸ್‌ನಲ್ಲಿ ಒಬ್ಬ ಅಪರಿಚಿತನಿಗೆ ಒಪ್ಪಿಸುತ್ತಾನೆ. ಹೊಡೆತಕ್ಕೆ ನೋವಿದೆ ಎಂದು ಒಪ್ಪುವ ಸಿನಿಮಾ ಇವೆರಡರಲ್ಲಿ ಯಾವುದು?

"ಸಂತೋಷದ ದಿನ ದುಃಖ ಯಾಕೆ" ಎಂಬುದು 'ದಿ ಅಪಾರ್ಟ್‌ಮೆಂಟ್' ಹಾಕಿದ ವರ್ಷ ನನ್ನ ಹೆಂಡತಿ ಎತ್ತಿದ ಪ್ರಶ್ನೆ. 1960ರಲ್ಲಿ ಬಿಲ್ಲಿ ವೈಲ್ಡರ್ ಮಾಡಿದ, ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಗೆದ್ದ ಸಿನಿಮಾ. ಬ್ಯಾಕ್ಸ್‌ಟರ್ ಎಂಬ ಗುಮಾಸ್ತ ಬಡ್ತಿಯ ಆಸೆಗೆ ತನ್ನ ಮನೆಯ ಬೀಗದಕೈಯನ್ನು ಮೇಲಧಿಕಾರಿಗಳ ಕದ್ದ ಸಂಬಂಧಗಳಿಗೆ ಕೊಡುತ್ತಿರುತ್ತಾನೆ. ಕ್ರಿಸ್ಮಸ್ ಮುನ್ನಾದಿನದ ಆಫೀಸ್ ಪಾರ್ಟಿ. ಅವನು ಹೊಸ ಟೋಪಿ ಹಾಕಿ ನಿಂತಿದ್ದಾನೆ, ಹೇಗೆ ಕಾಣುತ್ತೇನೆಂದು ನೋಡಿಕೊಳ್ಳಲು ಅವನು ಮನಸಾರೆ ಮೆಚ್ಚಿದ ಹುಡುಗಿ ಫ್ರಾನ್ ತನ್ನ ಪೌಡರ್ ಡಬ್ಬಿಯ ಕನ್ನಡಿ ಕೊಡುತ್ತಾಳೆ. ಕನ್ನಡಿ ಒಡೆದಿದೆ. ಆ ಬಿರುಕನ್ನು ಅವನು ಮೊದಲೇ ನೋಡಿದ್ದಾನೆ. ತನ್ನ ಮನೆಯಲ್ಲಿ ಸಿಕ್ಕ ಅದೇ ಡಬ್ಬಿಯನ್ನು ಬಾಸ್‌ಗೆ ಮರಳಿಸಿದ್ದು ಅವನೇ. ಯಾರೂ ಏನೂ ಹೇಳುವುದಿಲ್ಲ. ಎರಡು ಹೋಳಾದ ಮುಖ, ಹಿಂದೆ ಪಾರ್ಟಿಯ ಗದ್ದಲ.

ಆ ರಾತ್ರಿ ಬಾಸ್‌ಗೆ ರೈಲು ಹಿಡಿಯುವ ಅವಸರ. ಮನೆಯಲ್ಲಿ ಹೆಂಡತಿ ಮಕ್ಕಳು, ಮರ, ಉಡುಗೊರೆ. ಫ್ರಾನ್‌ಗೆಂದು ಏನೂ ಕೊಂಡಿಲ್ಲ, ಪರ್ಸಿನಿಂದ ನೂರು ಡಾಲರ್ ನೋಟು ತೆಗೆದು ಕೈಗಿಡುತ್ತಾನೆ. ಅವನು ಹೋದ ಮೇಲೆ ಅವಳು ಬ್ಯಾಕ್ಸ್‌ಟರನ ನಿದ್ದೆಮಾತ್ರೆ ನುಂಗುತ್ತಾಳೆ. ಬೇರೆ ದಿನವಾಗಿದ್ದರೆ ಇನ್ನೊಂದು ಗಂಟೆ ಕೂರುತ್ತಿದ್ದನೇನೋ. ಹಬ್ಬವಾದ್ದರಿಂದಲೇ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಗೆರೆ ಅಷ್ಟು ಗಟ್ಟಿಯಾಗಿ ಬಿತ್ತು. ಇದು ಕ್ರಿಸ್ಮಸ್ ಸಿನಿಮಾ ಅಲ್ಲ ಎನ್ನುವವರು ಹಬ್ಬದ ದಿನ ಒಮ್ಮೆಯೂ ಒಂಟಿಯಾಗಿ ರೂಮಿನಲ್ಲಿ ಕೂತವರಲ್ಲ. ನಾನು ಕೂತಿದ್ದೇನೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೆಸ್ಸಿಗೂ ರಜೆ ಇದ್ದ ಒಂದು ದೀಪಾವಳಿಯಲ್ಲಿ. ಅಂದಹಾಗೆ ಬ್ಯಾಕ್ಸ್‌ಟರ್ ಆಮೇಲೆ ಅವಳಿಗೆ ಅಡುಗೆ ಮಾಡುತ್ತಾನೆ, ಸ್ಪಗೆಟ್ಟಿಯ ನೀರು ಬಸಿಯುವುದು ಟೆನ್ನಿಸ್ ರಾಕೆಟ್ಟಿನಲ್ಲಿ. ಅದಕ್ಕೆ ನನ್ನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಕ್ರಿಶ್ಚಿಯನ್ ಅಲ್ಲದ ನಿನಗೆ ಈ ಉಸಾಬರಿ ಯಾಕೆ?" ಇದೂ ಒಂದು ಬಂತು. 'ವೈಟ್ ಕ್ರಿಸ್ಮಸ್' ಹಾಡು ಕಟ್ಟಿದ ಇರ್ವಿಂಗ್ ಬರ್ಲಿನ್ ಯಹೂದಿ. ಬಿಲ್ಲಿ ವೈಲ್ಡರ್ ಯಹೂದಿ. 2003ರ 'ಟೋಕಿಯೊ ಗಾಡ್‌ಫಾದರ್ಸ್' ಮಾಡಿದ ಸತೋಷಿ ಕೊನ್‌ನ ಜಪಾನಿನಲ್ಲಿ ಕ್ರಿಸ್ಮಸ್ಸಿಗೆ ಸರ್ಕಾರಿ ರಜೆಯೂ ಇಲ್ಲ. ಆ ಸಿನಿಮಾದಲ್ಲಿ ಬೀದಿಯಲ್ಲಿ ಮಲಗುವ ಮೂವರು: ಒಬ್ಬ ಕುಡುಕ, ಹಾನಾ ಎಂಬ ಟ್ರಾನ್ಸ್ ಮಹಿಳೆ, ಮನೆಬಿಟ್ಟು ಬಂದ ಹುಡುಗಿ. ಊಟ ಸಿಗುತ್ತದೆಂದು ಯೇಸುಜನನದ ನಾಟಕಕ್ಕೆ ಹೋಗಿ ಕೂರುತ್ತಾರೆ. ಅದೇ ರಾತ್ರಿ ಕಸದ ರಾಶಿಯಲ್ಲಿ ಅಳುವ ಕೂಸು ಸಿಗುತ್ತದೆ. ಹಾನಾ ಅದಕ್ಕೆ ಕಿಯೋಕೊ ಎಂದು ಹೆಸರಿಡುತ್ತಾಳೆ, 'ಸೈಲೆಂಟ್ ನೈಟ್' ಹಾಡಿನ ಜಪಾನಿ ರೂಪದಿಂದ ಎತ್ತಿಕೊಂಡು. ಸಿನಿಮಾ ಮುಗಿದಾಗ ಟೀಚರ್ ಕನ್ನಡಕ ಒರೆಸುತ್ತಾ, "ಇದಕ್ಕೆ ಯಾವ ಗೋದಲಿ ಬೇಕು" ಎಂದರು. ಅದನ್ನು ನನ್ನ ಕಡೆಯ ಸಾಕ್ಷ್ಯವೆಂದು ಬರೆದುಕೊಂಡಿದ್ದೇನೆ.

ಒಂದು ಕಡೆ ಮಾತ್ರ ಸೋತಿದ್ದೇನೆ. ಈ ವರ್ಷ 1984ರ 'ಗ್ರೆಮ್ಲಿನ್ಸ್' ಹಾಕೋಣವೆಂದಿದ್ದೆ. ಅದನ್ನು ಬರೆದದ್ದು ಕ್ರಿಸ್ ಕೊಲಂಬಸ್, ಮುಂದೆ 'ಹೋಮ್ ಅಲೋನ್' ನಿರ್ದೇಶಿಸಿದವನೇ. ಆಗ ಟೀಚರ್ ಮಗಳು ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಕೇಳಿದಳು: "ಅದರಲ್ಲಿ ಸಾಂತಾ ವೇಷದಲ್ಲಿ ಚಿಮಣಿಗಿಳಿದು ಸಾಯುವ ಅಪ್ಪನ ಕಥೆ ಬರ್ತದಲ್ಲ? ಸಾಂತಾ ಇಲ್ಲ ಅಂತ ಆ ಹುಡುಗಿ ಬಾಯಿಬಿಟ್ಟು ಹೇಳ್ತಾಳಲ್ಲ? ನನ್ನ ಚಿಕ್ಕವನಿಗೆ ಇನ್ನೂ ಆರು ವರ್ಷ, ಅಣ್ಣಾ." ನನ್ನಲ್ಲಿ ಉತ್ತರ ಇರಲಿಲ್ಲ. ಈ 25ಕ್ಕೆ ಮತ್ತೆ 'ಡೈ ಹಾರ್ಡ್', ಚಿಕ್ಕವನನ್ನು ಮಲಗಿಸಿದ ಮೇಲೆ, ಒಂಬತ್ತೂವರೆಗೆ.