ನಿರಾಕರಣೆಗೂ ಬೇಕು ಪರಿಶೋಧನೆ

ಪಡಿತರ ಚೀಟಿಗಳು ರದ್ದಾದಷ್ಟೂ ಬೊಕ್ಕಸಕ್ಕೆ ಉಳಿತಾಯ ಎಂಬ ಮಾತಿನ ಪೊಳ್ಳುತನ 2024ರ ನವೆಂಬರಿನಲ್ಲಿ ಕರ್ನಾಟಕಕ್ಕೆ ಅರಿವಾಯಿತು. ಬಿಪಿಎಲ್ ಕಾರ್ಡುಗಳ ಪರಿಷ್ಕರಣೆಗೆ ಆಕ್ರೋಶ ಎದ್ದ ಕೆಲವೇ ದಿನಗಳಲ್ಲಿ, ಸರ್ಕಾರಿ ನೌಕರರನ್ನೂ ಆದಾಯ ತೆರಿಗೆ ಕಟ್ಟುವವರನ್ನೂ ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಕೊಟ್ಟ ಸೌಲಭ್ಯ ಅರ್ಹರಿಗೇ ಸಂದಿತೇ ಎಂದು ತನಿಖೆ ಮಾಡುವಷ್ಟೇ ಕಟ್ಟುನಿಟ್ಟಾಗಿ, ತಿರಸ್ಕರಿಸಿದ ಮತ್ತು ನಿಲ್ಲಿಸಿದ ಪ್ರಕರಣಗಳನ್ನೂ ತನಿಖೆ ಮಾಡುವುದು ಆಡಳಿತದ ಕರ್ತವ್ಯ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಬಿಪಿಎಲ್ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದೆಂಬ ನಿಯಮ ತಿಂಗಳಿಗೆ 10,000 ರೂಪಾಯಿಯಲ್ಲಿ ಗೆರೆ ಎಳೆಯುತ್ತದೆ. ಗಾರ್ಮೆಂಟ್ಸ್‌ನಲ್ಲಿ ಕನಿಷ್ಠ ವೇತನಕ್ಕೆ ದುಡಿಯುವ ಒಬ್ಬಳೇ ಹೆಣ್ಣುಮಗಳ ಸಂಬಳ ಅದನ್ನು ದಾಟುತ್ತದೆ. 21,000 ರೂಪಾಯಿವರೆಗಿನ ವೇತನದವರಿಗೆ ಅನ್ವಯಿಸುವ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಆಕೆಯನ್ನು ರಕ್ಷಣೆ ಬೇಕಾದವಳೆಂದು ಗುರುತಿಸಿದರೆ, ಪಡಿತರದ ನಿಯಮ ಅನುಕೂಲಸ್ಥಳೆಂದು ಹೊರಗಿಡುತ್ತದೆ. ದಾಖಲೆಗಳನ್ನು ತಾಳೆ ನೋಡಿ ಹೆಸರು ತೆಗೆಯುವ ಪದ್ಧತಿಗೆ ವೇತನಚೀಟಿ ಇರುವ ಇಂಥವರೇ ಮೊದಲು ಸಿಕ್ಕಿಬೀಳುತ್ತಾರೆಯೇ ಹೊರತು, ವಠಾರದ ಬಾಡಿಗೆಯನ್ನು ನಗದಾಗಿ ಎಣಿಸಿಕೊಳ್ಳುವ ಮಾಲೀಕನಲ್ಲ.

ನಿಜವಾದ ಬಡವರಾದರೆ ಮೇಲ್ಮನವಿ ಸಲ್ಲಿಸಲಿ ಎನ್ನುವವರು, ಒಂದು ಪಾಳಿ ತಪ್ಪಿದರೆ ಕೂಲಿ ಕಳೆದುಕೊಳ್ಳುವವರ ಬದುಕನ್ನು ಕಂಡವರಲ್ಲ. ನಾಗರಿಕ ಸೇವೆಗಳಿಗೆ ಗಡುವು ವಿಧಿಸುವ 2011ರ ಸಕಾಲ ಕಾಯ್ದೆಯೂ ಇಲ್ಲಿ ನೆರವಾಗದು; ಅದರಡಿ ಗಡುವಿನೊಳಗೆ ಅರ್ಜಿಯನ್ನು ಮಂಜೂರು ಮಾಡಿದರೂ, ಕಾರಣ ಬರೆದು ತಿರಸ್ಕರಿಸಿದರೂ ಅದು ವಿಲೇವಾರಿಯೇ. ಆ ಎಣಿಕೆ ವೇಗವನ್ನು ಅಳೆಯುತ್ತದೆ, ಕಾರಣ ನ್ಯಾಯವಾದದ್ದೇ ಎಂಬುದನ್ನು ಅಳೆಯುವುದಿಲ್ಲ.

ಗೌರವದಿಂದ ಆಲಿಸಬೇಕಾದ ಆಕ್ಷೇಪ ಬೇರೆಯೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮವಾಸಿಗಳಲ್ಲಿ ಶೇ. 75ರವರೆಗೆ, ನಗರವಾಸಿಗಳಲ್ಲಿ ಶೇ. 50ರವರೆಗೆ ಮಾತ್ರ ಫಲಾನುಭವಿಗಳಿಗೆ ಅವಕಾಶ ಕೊಟ್ಟಿರುವುದರಿಂದ, ಒಳಗೆ ಉಳಿದ ಪ್ರತಿಯೊಬ್ಬ ಅನರ್ಹನೂ ಸರದಿಯಲ್ಲಿ ಕಾದಿರುವ ಅರ್ಹನ ಸ್ಥಾನವನ್ನು ಕಸಿದಿರುತ್ತಾನೆ. ಈ ವಾದ ಸತ್ಯ; ಆದರೆ ಸ್ಥಾನಗಳು ಅಷ್ಟು ಅಮೂಲ್ಯವಾಗಿದ್ದರೆ ಅರ್ಹನನ್ನು ಹೊರದಬ್ಬುವ ತಪ್ಪೂ ಅಷ್ಟೇ ಗುರುತರವಾದದ್ದು, ಮತ್ತು ಅನರ್ಹರನ್ನು ಒಳಗೆ ಉಳಿಸಿಕೊಂಡ ತಪ್ಪನ್ನು ಮಾತ್ರ ಅಳೆಯುವ ಇಲಾಖೆಯಲ್ಲಿ ನೌಕರನ ಕೈ ಸಹಜವಾಗಿಯೇ ರದ್ದತಿಯ ಕಡೆಗೆ ವಾಲುತ್ತದೆ.

ಅಮೆರಿಕದ ಆಹಾರ ನೆರವಿನ ಯೋಜನೆಯಾದ ಸ್ನ್ಯಾಪ್‌ನಲ್ಲಿ, ತಿರಸ್ಕೃತ ಮತ್ತು ಸ್ಥಗಿತ ಪ್ರಕರಣಗಳಿಂದಲೂ ಮಾದರಿಗಳನ್ನು ಆಯ್ದು, ತೀರ್ಮಾನ ಸರಿಯೇ, ನೋಟಿಸು ನಿಯಮದಂತೆ ಹೋಯಿತೇ ಎಂದು ಪರೀಕ್ಷಿಸುತ್ತಾರೆ. ಅಲ್ಲಿಯೂ ರಾಜ್ಯಗಳಿಗೆ ದಂಡ ಬೀಳುವುದು ಪಾವತಿಯ ತಪ್ಪಿಗೇ ಹೊರತು ನಿರಾಕರಣೆಯ ತಪ್ಪಿಗಲ್ಲವೆಂಬ ಕೊರತೆ ಉಳಿದಿದೆ. ಕರ್ನಾಟಕ ಆ ಕೊರತೆಯನ್ನು ಬಿಟ್ಟು ಪದ್ಧತಿಯನ್ನಷ್ಟೇ ತರಬಹುದು: ಪ್ರತಿ ತಿಂಗಳ ರದ್ದತಿಗಳಲ್ಲಿ ಕೆಲವನ್ನು ಚೀಟಿ ಎತ್ತಿ ಆರಿಸಿ, ರದ್ದುಮಾಡಿದ ಕಚೇರಿಗೆ ಸೇರದ ಅಧಿಕಾರಿ ಪಾಳಿ ಮುಗಿದ ಹೊತ್ತಿನಲ್ಲಿ ಆ ಮನೆಗಳಿಗೆ ಹೋಗಿ ವಿಚಾರಿಸಬೇಕು, ಕಂಡ ತಪ್ಪುಗಳ ಪ್ರಮಾಣವನ್ನು ಉಳಿತಾಯದ ಅಂಕಿಯ ಜೊತೆಗೇ ಪ್ರಕಟಿಸಬೇಕು, ತಪ್ಪಾಗಿ ಕಾರ್ಡು ಕಳೆದುಕೊಂಡವರಿಗೆ ನಿಂತುಹೋದ ತಿಂಗಳುಗಳ ಅಕ್ಕಿಯನ್ನೂ ತುಂಬಿಕೊಡಬೇಕು.