ತಪ್ಪಿದ ವಾಯಿದೆ

ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾಗಿದ್ದ ಹುಲ್ಲುಗಾವಲು, ಚಳ್ಳಕೆರೆ ಸೀಮೆಯ ವರವು ಕಾವಲು. ಅದರ ಅಂಚಿನ ಹಳ್ಳಿಯ ಕುರಿಗಾಹಿಯೊಬ್ಬನ ಎರಡೆಕರೆ ಹೊಲಕ್ಕಾಗಿ ದಾಯಾದಿಯು ದಾವೆ ಹೂಡಿದ್ದಾನೆನ್ನಿ. ಮೇವನ್ನರಸಿ ಮಂದೆಯೊಡನೆ ದೂರ ಹೋದವನಿಗೆ ವಾಯಿದೆಯ ದಿನ ಮರೆಯುತ್ತದೆ. ನ್ಯಾಯಾಲಯದ ಜವಾನನು ಕೂಗಿ ಕರೆಯುತ್ತಾನೆ, ಓಗೊಡುವವರಿಲ್ಲ.

ಹೊಲವೇನೂ ಅಂದೇ ಕೈಬಿಡುವುದಿಲ್ಲ. ಸಮನ್ಸು ಜಾರಿಯಾಗಿದ್ದರೆ ನ್ಯಾಯಾಲಯವು ವಾದಿಯೊಬ್ಬನ ಸಾಕ್ಷ್ಯವನ್ನೇ ಕೇಳತೊಡಗುತ್ತದೆ. ಮುಂದಿನ ವಾಯಿದೆಗೆ ಬಂದು ತಕ್ಕ ಕಾರಣ ಹೇಳಿದರೆ ಪ್ರತಿವಾದಿಯನ್ನೂ ಕೇಳಬಹುದು. ಆಗಲೂ ಬಾರದಿದ್ದರೆ ಏಕಪಕ್ಷೀಯ ಡಿಕ್ರಿ. ಅದನ್ನು ರದ್ದುಪಡಿಸಲು ಡಿಕ್ರಿಯಾದ 30 ದಿನಗಳೊಳಗೆ ಅರ್ಜಿ ಕೊಡಬೇಕು. ಸಮನ್ಸೇ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದಂದಿನಿಂದ 30 ದಿನ. ಕಾಗದವನ್ನೇ ಮುಟ್ಟದಿದ್ದರಾಯಿತೆಂಬ ಜಾಣತನ ಮಾತ್ರ ಫಲಿಸದು: ಅಮೀನನು ಬಾಗಿಲಿಗೆ ಅಂಟಿಸಿ ಬಂದುದನ್ನೂ ನ್ಯಾಯಾಲಯವು ಜಾರಿಯೆಂದು ಒಪ್ಪಬಹುದು.

ಕ್ರಿಮಿನಲ್ ಮೊಕದ್ದಮೆಯ ಮಾತೇ ಬೇರೆ. ಜಾಮೀನಿನ ಮೇಲೆ ಹೊರಬಂದವನು ತಪ್ಪಿಸಿಕೊಂಡರೆ ವಾರಂಟು ಹೊರಡುತ್ತದೆ. ಮುಚ್ಚಳಿಕೆಯ ಹಣಕ್ಕೆ ಸ್ನೇಹಕ್ಕಾಗಿ ಸಹಿ ಹಾಕಿದ ಜಾಮೀನುದಾರನೂ ಉತ್ತರ ಹೇಳಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 269ನೆಯ ಕಲಮಿನಂತೆ, ಸಕಾರಣವಿಲ್ಲದ ಗೈರುಹಾಜರಿಯೇ ಒಂದು ವರ್ಷದವರೆಗಿನ ಸೆರೆಗೆ ಈಡಾಗುವ ಅಪರಾಧ.

ಇತ್ತ ಕುರಿಗಾಹಿಯು ಊರಿಗೆ ಮರಳುವಾಗ ಡಿಕ್ರಿಯಾಗಿ 40 ದಿನ ಕಳೆದಿದೆ. ಬಾಗಿಲು ಪೂರ್ತಿ ಮುಚ್ಚಿಲ್ಲ. ವಿಳಂಬವನ್ನು ಮನ್ನಿಸಬೇಕೆಂಬ ಅರ್ಜಿಯನ್ನೂ ಜೊತೆಗೆ ಕೊಡಬಹುದು. ಆದರೆ ಬರಿಯ ಮಾತು ಸಾಲದು. ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ ದೂರದೂರಿನ ರೈತನನ್ನು ಅವನೀಗ ಸಾಕ್ಷಿಗಾಗಿ ಹುಡುಕಿಕೊಂಡು ಹೋಗಬೇಕು.