ಕಾಲಿನ ಊತಕ್ಕೆ ಡಿ-ಡೈಮರ್: ಯಾರಿಗೆ, ಯಾವಾಗ?

ಕೋವಿಡ್ ಹಾವಳಿಯ 2020–21ರಲ್ಲಿ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಹೆಸರು ಮನೆಮನೆಗೂ ಪರಿಚಯವಾಯಿತು. ಈಗ ಕಾಲು ಊದಿಕೊಂಡರೆ ವೈದ್ಯರನ್ನು ಕಾಣುವ ಮೊದಲೇ ಲ್ಯಾಬಿಗೆ ಹೋಗಿ ಅದನ್ನು ಮಾಡಿಸಿಕೊಳ್ಳುವವರಿದ್ದಾರೆ. ಇದು ತಲೆಕೆಳಗಾದ ಕ್ರಮ.

ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಒಂದೇ ಕಾಲು ಊದುತ್ತದೆ, ಮೀನಖಂಡ ನೋಯುತ್ತದೆ. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಹೆಪ್ಪನ್ನು ದೇಹ ಕರಗಿಸುವಾಗ ಅದರಲ್ಲಿನ ಫೈಬ್ರಿನ್ ಎಂಬ ನಾರು ತುಂಡಾಗುತ್ತದೆ. ಹಾಗೆ ರಕ್ತಕ್ಕೆ ಸೇರುವ ಚೂರೇ ಡಿ-ಡೈಮರ್. ಆದರೆ ಸೋಂಕು, ಗಾಯ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಬಸಿರು, ಬಾಣಂತನ, ಕೊನೆಗೆ ಬರಿಯ ವಯಸ್ಸಿನಿಂದಲೂ ಇದು ಹೆಚ್ಚುತ್ತದೆ. ಆದ್ದರಿಂದ ವರದಿಯಲ್ಲಿ ‘ಹೆಚ್ಚು’ ಎಂದು ಬಂದ ಮಾತ್ರಕ್ಕೆ ಹೆಪ್ಪು ಇದೆಯೆಂದು ಗಾಬರಿಯಾಗಬೇಡಿ. ಈ ಪರೀಕ್ಷೆಯ ಬೆಲೆಯೆಲ್ಲ ಇರುವುದು ‘ಹೆಪ್ಪು ಇಲ್ಲ’ ಎಂದು ಹೇಳುವುದರಲ್ಲಿ.

ಅದಕ್ಕೂ ಒಂದು ಷರತ್ತುಂಟು. ಕೆನಡಾದ ವೈದ್ಯ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೋಗಿಗೆ ಅಂಕ ಹಾಕುವ ಕ್ರಮವೊಂದನ್ನು ರೂಪಿಸಿದರು. ಹಾಸಿಗೆ ಹಿಡಿದಿದ್ದಿರಾ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿದೆಯೇ, ಕ್ಯಾನ್ಸರ್ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಹೆಚ್ಚು ದಪ್ಪವಿದೆಯೇ ಎಂದು ಟೇಪು ಹಿಡಿದು ಅಳೆಯುತ್ತಾರೆ. (ಟೇಪಿಗೆ ಬಿಲ್ಲು ಬರುವುದಿಲ್ಲ, ಬಹುಶಃ ಅದರಿಂದಲೇ ಅದಕ್ಕೆ ಮರ್ಯಾದೆ ಕಡಿಮೆ!) ಅಂಕ ಕಡಿಮೆಯಿದ್ದು ಡಿ-ಡೈಮರ್ ಕೂಡ ಮಿತಿಯೊಳಗಿದ್ದರೆ ಸ್ಕ್ಯಾನ್ ಬೇಕಿಲ್ಲ. 2003ರಲ್ಲಿ ಇದೇ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕ್ರಮದಿಂದ ‘ಹೆಪ್ಪಿಲ್ಲ’ ಎಂದು ತೀರ್ಮಾನಿಸಿದವರ ಪೈಕಿ ಮುಂದಿನ 3 ತಿಂಗಳಲ್ಲಿ ಹೆಪ್ಪು ಕಂಡುಬಂದದ್ದು ಶೇಕಡಾ 0.4 ಮಂದಿಯಲ್ಲಿ ಮಾತ್ರ.

ಅಂಕ ಹೆಚ್ಚಿದ್ದವರ ಮಾತು ಬೇರೆ. ಅವರಿಗೆ ರಕ್ತದ ವರದಿ ಎಷ್ಟೇ ಚೆನ್ನಾಗಿದ್ದರೂ ಡಾಪ್ಲರ್ ಸ್ಕ್ಯಾನ್ ಆಗಲೇಬೇಕು. ರಕ್ತ ತೆಳುವಾಗಿಸುವ ಔಷಧಿ ಆಗಲೇ ಶುರುವಾಗಿದ್ದರೆ ಅಥವಾ ಊತ ಬಂದು ವಾರಗಳೇ ಕಳೆದಿದ್ದರೆ ಈ ಪರೀಕ್ಷೆ ಸುಳ್ಳು ಭರವಸೆ ಕೊಡಬಹುದು.

ನಿಮ್ಮ ಅಂಕಿಯನ್ನು ನೆಂಟರ ಅಂಕಿಯೊಂದಿಗೆ ಹೋಲಿಸಿ ನೋಡಬೇಡಿ. ಲ್ಯಾಬುಗಳು ಎರಡು ಬಗೆಯ ಮಾನ ಬಳಸುತ್ತವೆ. ಒಂದರ ಅಂಕಿ ಇನ್ನೊಂದರ ಸುಮಾರು ಇಮ್ಮಡಿ. ಐವತ್ತು ದಾಟಿದವರಿಗೆ ವಯಸ್ಸಿಗೆ ತಕ್ಕಂತೆ ಮಿತಿಯನ್ನೇ ಏರಿಸುವ ರೂಢಿಯೂ ಇದೆ. ವೈದ್ಯರನ್ನೇ ಕೇಳಿ.

ಕಾಲೂತದ ಜೊತೆ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ಯಾವ ವರದಿಗೂ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.